ಸೆಲ್ಲಿನ ಗಾತ್ರ, ಸೆಲ್ಲಿನ ಸತ್ತ್ವ

ನಂಜನಗೂಡಿನ ಸಮೀಪದ ಕಳಲೆಯಲ್ಲಿ, ಲಕ್ಷ್ಮೀಕಾಂತಸ್ವಾಮಿಯ ಗುಡಿಯಿಂದ ಹೆಚ್ಚು ದೂರವಿಲ್ಲದ ಒಂದು ಚಿಲ್ಲರೆ ಅಂಗಡಿಯ ಜಗಲಿ. ಅಂಗಡಿಯ ಒಡೆಯರಾದ ವರ್ತಕರು, ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತರಾದ ಉಪಾಧ್ಯಾಯರು, ಗದ್ದೆಯ ಒಡೆತನವುಳ್ಳ ಒಬ್ಬ ಗೃಹಸ್ಥರು: ಈ ಮೂವರೊಳಗೆ ನಡೆದ ಮಾತು ಇದು.

ಗೃಹಸ್ಥರು: ಮನೆಯಲ್ಲಿ ಬರೆದುಕೊಟ್ಟಿರುವ ಈ ಚೀಟಿಯನ್ನು ನೋಡಿ. ಗೋಡೆಯ ಗಡಿಯಾರಕ್ಕೆ ಸೆಲ್ಲು, ಟೀವಿಯ ರಿಮೋಟಿಗೆ ಸೆಲ್ಲು, ರಕ್ತದೊತ್ತಡ ನೋಡುವ ಯಂತ್ರಕ್ಕೆ ಸೆಲ್ಲು, ತಾಯಿಯವರ ಕಿವಿಯ ಯಂತ್ರಕ್ಕೆ ಸೆಲ್ಲು, ಅಡುಗೆಮನೆಯ ತಕ್ಕಡಿಗೆ ಸೆಲ್ಲು, ಕಡೆಯದಾಗಿ ನನ್ನ ಟಾರ್ಚಿಗೆ ಸೆಲ್ಲು. ಹೆಸರೇನೋ ಒಂದೇ, ಆದರೆ ಒಂದು ಕೂಡುವ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಲೋಕದ ಸಮಸ್ತ ಯಂತ್ರಗಳಿಗೂ ಒಂದೇ ಆಕಾರದ ಸೆಲ್ಲನ್ನು ಗೊತ್ತುಮಾಡಿದ್ದರೆ ಯಾರ ಗಂಟು ಹೋಗುತ್ತಿತ್ತು?

ವರ್ತಕರು: ನನ್ನ ಗಂಟಂತೂ ಹೋಗುತ್ತಿರಲಿಲ್ಲ, ಉಳಿಯುತ್ತಿತ್ತು. ಗಿರಾಕಿಯು ಬಂದು ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ ‘ಇಷ್ಟುದ್ದದ್ದು’ ಎನ್ನುತ್ತಾನೆ. ಪೆನ್ಸಿಲ್ ಸೆಲ್ಲು ಎಂದವನಿಗೆ ಡಬಲ್ ಎ ಕೊಟ್ಟರೆ ರಿಮೋಟಿಗೆ ಹಿಡಿಸಲಿಲ್ಲವೆಂದು ಮರಳಿ ತರುತ್ತಾನೆ. ತ್ರಿಬಲ್ ಎ ಕೊಟ್ಟರೆ ಗಡಿಯಾರದಲ್ಲಿ ಲೊಡಲೊಡ ಅಲುಗುತ್ತದೆಂದು ತರುತ್ತಾನೆ. ಆದ ಪ್ರಯುಕ್ತ ನಾನು ಎಲ್ಲರಿಗೂ ಹೇಳತಕ್ಕದ್ದು ಇಷ್ಟೆ: ಹಳೆಯ ಸೆಲ್ಲನ್ನು ಜೇಬಿನಲ್ಲಿ ಹಾಕಿಕೊಂಡು ಬನ್ನಿ.

ಉಪಾಧ್ಯಾಯರು: ವರ್ತಕರ ಉಪದೇಶವು ವ್ಯವಹಾರಕ್ಕೆ ಸಾಕು. ಆದರೆ ಜೇಬಿನಲ್ಲಿ ಬಂದ ಹಳೆಯ ಸೆಲ್ಲು ಗಾತ್ರವನ್ನು ಮಾತ್ರ ಹೇಳೀತು. ಆ ಯಂತ್ರಕ್ಕೆ ಅದೇ ಜಾತಿಯ ಸೆಲ್ಲು ಯೋಗ್ಯವಾಗಿತ್ತೇ ಎಂಬುದನ್ನು ಹೇಳಲಾರದು. ನಮ್ಮ ಜನ ಗಾತ್ರವನ್ನು ವಿಚಾರಿಸುವಷ್ಟು ಶ್ರದ್ಧೆಯಿಂದ ಗುಣವನ್ನು ವಿಚಾರಿಸುವುದಿಲ್ಲವೆಂಬುದೇ ನನ್ನ ಆಕ್ಷೇಪಣೆ.

ಗೃಹಸ್ಥರು: ಗಾತ್ರ ದೊಡ್ಡದಾದರೆ ಶಕ್ತಿ ಹೆಚ್ಚು, ಚಿಕ್ಕದಾದರೆ ಕಡಿಮೆ. ಇದರಲ್ಲಿ ವಿಚಾರಿಸುವುದಕ್ಕೇನಿದೆ?

ಉಪಾಧ್ಯಾಯರು: ಅಲ್ಲಿಯೇ ಇರುವುದು ವಿಚಾರ. ವರ್ತಕರೇ, ಆ ಗಾಜಿನ ಪೆಟ್ಟಿಗೆಯಿಂದ ನಾಲ್ಕನ್ನು ತೆಗೆದು ಇಲ್ಲಿ ನಿಲ್ಲಿಸಿ. ಈ ದಪ್ಪನೆಯ ಟಾರ್ಚ್ ಸೆಲ್ಲಿಗೆ ಡಿ ಎಂದು ಹೆಸರು. ಅಡ್ಡಳತೆ ಸುಮಾರು 34 ಮಿಲಿಮೀಟರು, ಎತ್ತರ 61. ಅದರ ತಮ್ಮನಂತಿರುವ ಇದು ಸಿ. 26 ಮಿಲಿಮೀಟರು ಅಡ್ಡ, 50 ಎತ್ತರ. ಇದು ಡಬಲ್ ಎ; ಎತ್ತರದಲ್ಲಿ ಸಿ ಸೆಲ್ಲಿಗೆ ಸರಿಸಮವಾಗಿದ್ದರೂ ಅಡ್ಡಳತೆ ಕೇವಲ ಹದಿನಾಲ್ಕೂವರೆ. ಈ ಕೃಶಾಂಗಿ ತ್ರಿಬಲ್ ಎ. ಹತ್ತೂವರೆ ಅಡ್ಡ, ನಲವತ್ತನಾಲ್ಕೂವರೆ ಎತ್ತರ. ಎ, ಬಿ ಎಂಬ ಅಳತೆಗಳೂ ಒಂದು ಕಾಲಕ್ಕೆ ಇದ್ದುವು. ಅವನ್ನು ಬೇಡುತ್ತಿದ್ದ ಯಂತ್ರಗಳೊಡನೆಯೇ ಅವೂ ಮನೆಗಳಿಂದ ಕಣ್ಮರೆಯಾದುವು. ಈಗ ಈ ನಾಲ್ಕರ ಮೈಮೇಲಿನ ಸಣ್ಣ ಅಕ್ಷರವನ್ನು ಓದಿ.

ಗೃಹಸ್ಥರು: ಇದರ ಮೇಲೆ 1.5 ವೋಲ್ಟ್. ಇದರ ಮೇಲೂ 1.5. ಎಲ್ಲವೂ ಒಂದೂವರೆಯೇ! ಬೆರಳಿನಷ್ಟು ದಪ್ಪವಿಲ್ಲದ ಇದಕ್ಕೂ ಮುಷ್ಟಿಯನ್ನು ತುಂಬುವ ಅದಕ್ಕೂ ಒಂದೇ ವೋಲ್ಟೆ?

ಉಪಾಧ್ಯಾಯರು: ಒಂದೇ. ವೋಲ್ಟೆಂಬುದು ಸೆಲ್ಲಿನೊಳಗೆ ಎದುರುಬದುರಾಗಿ ಕುಳಿತಿರುವ ಎರಡು ದ್ರವ್ಯಗಳ ಪರಸ್ಪರ ಸ್ವಭಾವದಿಂದ ಹುಟ್ಟತಕ್ಕದ್ದು; ಆ ದ್ರವ್ಯಗಳ ಪ್ರಮಾಣಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಕಡೆ ಸತು, ಇನ್ನೊಂದು ಕಡೆ ಮ್ಯಾಂಗನೀಸ್ ಡೈಆಕ್ಸೈಡು: ಈ ಜೋಡಿಯನ್ನು ಒಂದು ಗ್ರಾಮಿನಷ್ಟು ಕೂಡಿಸಿದರೂ ಒಂದು ಕ್ವಿಂಟಲಿನಷ್ಟು ಕೂಡಿಸಿದರೂ ಹುಟ್ಟುವ ಒತ್ತಡ ಒಂದೂವರೆ ವೋಲ್ಟಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಜೋಡಿಯನ್ನು ಬದಲಿಸಿದರೆ ಮಾತ್ರ ಒತ್ತಡ ಬದಲಾಗುತ್ತದೆ. ಗಾತ್ರ ಹೆಚ್ಚಿದಾಗ ಹೆಚ್ಚತಕ್ಕದ್ದು ಬಾಳಿಕೆ, ಮತ್ತು ಒಂದೇ ಸಲಕ್ಕೆ ಹೆಚ್ಚಾಗಿ ಪ್ರವಾಹವನ್ನು ಕೊಡತಕ್ಕ ತ್ರಾಣ. ಒಳ್ಳೆಯ ತ್ರಿಬಲ್ ಎ ಕ್ಷಾರಕೋಶವು, ಎಂದರೆ ಆಲ್ಕಲೈನ್ ಸೆಲ್ಲು, ಸುಮಾರು ಸಾವಿರ ಮಿಲಿಆಂಪಿಯರ್-ಗಂಟೆಯಷ್ಟನ್ನು ಒಳಗಿಟ್ಟುಕೊಂಡಿದ್ದರೆ, ಅದೇ ಜಾತಿಯ ಡಬಲ್ ಎ ಎರಡು ಸಾವಿರಕ್ಕೆ ಮೇಲ್ಪಟ್ಟು, ಡಿ ಹತ್ತು ಸಾವಿರಕ್ಕೆ ಮೇಲ್ಪಟ್ಟು ಇಟ್ಟುಕೊಂಡಿರುತ್ತದೆ. ಕಳಲೆಯವರಿಗೆ ಇದನ್ನು ವಿವರಿಸುವುದು ಸುಲಭವೆಂದು ನನಗೆ ತೋರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದ ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರು ಕುಳಿತಿದ್ದರಷ್ಟೆ. ಆದರೆ ರಾಜ್ಯದ ಸೂತ್ರವು ಇದೇ ಕಳಲೆಯ ಮನೆತನದ ದಳವಾಯಿ ದೇವರಾಜಯ್ಯ, ನಂಜರಾಜಯ್ಯರ ಕೈಯಲ್ಲಿ ಬಹುಕಾಲ ಇದ್ದಿತು. ಸೆಲ್ಲಿನ ಹೊರಮೈಯ ಅಕ್ಷರವು ಸಿಂಹಾಸನ. ದಳವಾಯಿಯು ಒಳಗಿನ ದ್ರವ್ಯ.

ವರ್ತಕರು: ದಳವಾಯಿಗಳ ಕಥೆ ಹೈದರನ ಕಾಲಕ್ಕೆ ಹೇಗೆ ಮುಗಿಯಿತೆಂಬುದನ್ನು ನೆನೆದರೆ ಸೆಲ್ಲು ಸೋರುವುದೂ ನೆನಪಾಗುತ್ತದೆ; ಅದಿರಲಿ. ಗೃಹಸ್ಥರೇ, ಟಾರ್ಚಿಗೆ ಎರಡು ಸೆಲ್ಲೋ ಮೂರೋ?

ಗೃಹಸ್ಥರು: ಮೂರು. ತಂದೆಯವರ ಕಾಲದ ಹಿತ್ತಾಳೆಯ ಟಾರ್ಚು. ತ್ರೀಫೇಸ್ ಕರೆಂಟು ರಾತ್ರಿಯ ಪಾಳಿಯಲ್ಲಿ ಬಂದಾಗ ಪಂಪು ಹಾಕುವುದಕ್ಕೆ ಗದ್ದೆಯ ಬದುವಿನ ಮೇಲೆ ನಡೆಯಬೇಕು. ಹಾವು ಹುಳುವಿನ ಭಯ ಮೊದಲಿನಿಂದಲೂ ಇದ್ದದ್ದೆ. ಈಚೆಗೆ ಚಿರತೆಯ ಸುದ್ದಿಯೂ ಸೇರಿದೆ. ಮೂರರಲ್ಲಿ ಒಂದು ಸೆಲ್ಲು ಬಾತುಹೋಗಿದೆ. ಅದೊಂದನ್ನು ಬದಲಿಸಿದರೆ ಸಾಕೆಂದುಕೊಂಡಿದ್ದೇನೆ.

ಉಪಾಧ್ಯಾಯರು: ಸರ್ವಥಾ ಹಾಗೆ ಮಾಡಬೇಡಿ. ಟಾರ್ಚಿನ ಕೊಳವೆಯೊಳಗೆ ಒಂದರ ತಲೆಗೆ ಇನ್ನೊಂದರ ಬುಡ ತಾಗಿ ಸಾಲಾಗಿ ನಿಂತಿರುವುದರಿಂದ ಮೂರರ ಒತ್ತಡವೂ ಕೂಡಿ ನಾಲ್ಕೂವರೆ ವೋಲ್ಟಾಗುತ್ತದೆ. ಆದರೆ ಹರಿಯುವ ಪ್ರವಾಹ ಮೂರಕ್ಕೂ ಒಂದೇ. ಹೊಸದಾದ ಸೆಲ್ಲು ಇನ್ನೂ ಪ್ರವಾಹವನ್ನು ತಳ್ಳುತ್ತಿರುವಾಗ ಹಳೆಯದರ ಸತ್ತ್ವವು ಮುಗಿದುಹೋದರೆ, ಆ ಪ್ರವಾಹವು ಬರಿದಾದ ಸೆಲ್ಲಿನ ಮೂಲಕವೂ ಬಲವಂತವಾಗಿ ಹಾಯ್ದು, ಅದರ ಧ್ರುವಗಳನ್ನು ತಲೆಕೆಳಗು ಮಾಡಿ, ಒಳಗೆ ಅನಿಲವನ್ನೆಬ್ಬಿಸಿ, ಕೊನೆಗೆ ಹೊದಿಕೆಯನ್ನು ಬಿರಿಯಿಸುತ್ತದೆ. ಈಗ ಬಾತಿರುವ ಸೆಲ್ಲಿನ ಇತಿಹಾಸವೂ ಬಹುಶಃ ಇದೇ. ಮೂರನ್ನೂ ಒಟ್ಟಿಗೆ ಹಾಕಿ, ಮೂರನ್ನೂ ಒಟ್ಟಿಗೆ ತೆಗೆಯಿರಿ, ಜಾತಿಯನ್ನೂ ಬೆರೆಸಬೇಡಿ.

ವರ್ತಕರು: ಈ ದಪ್ಪ ಸೆಲ್ಲುಗಳು ಈಗ ನನ್ನಲ್ಲಿ ಅಪರೂಪ. ಹಿಂದೆ ಜಾತ್ರೆಯ ದಿವಸಗಳಲ್ಲಿ ಪೆಟ್ಟಿಗೆ ಪೆಟ್ಟಿಗೆ ಖರ್ಚಾಗುತ್ತಿದ್ದುವು. ಈಗಿನ ಹುಡುಗರು ಚಾರ್ಜು ಮಾಡುವ ಟಾರ್ಚನ್ನೇ ಕೊಳ್ಳುತ್ತಾರೆ, ಇಲ್ಲವೇ ಮೊಬೈಲಿನ ದೀಪದಲ್ಲಿಯೇ ದಾರಿ ನೋಡಿಕೊಳ್ಳುತ್ತಾರೆ.

ಉಪಾಧ್ಯಾಯರು: ಹಳೆಯ ಬುರುಡೆಯು ಅರ್ಧ ಆಂಪಿಯರಿನಷ್ಟು ಪ್ರವಾಹವನ್ನು ಕುಡಿದು, ಅದರ ಬಹುಭಾಗವನ್ನು ಶಾಖಕ್ಕೇ ಕಳೆದು, ಉಳಿದದ್ದನ್ನು ಬೆಳಕೆಂದು ಕೊಡುತ್ತಿತ್ತು. ಆ ಹಸಿವಿಗೆ ದಪ್ಪ ಸೆಲ್ಲೇ ಬೇಕಾಗಿತ್ತು. ಎಲ್‌ಇಡಿ ದೀಪ ಬಂದ ಮೇಲೆ ಹಸಿವು ಇಳಿಯಿತು, ಸೆಲ್ಲೂ ಸಣ್ಣದಾಯಿತು. ಆದರೂ ಈ ಡಿ ಸೆಲ್ಲಿನ ವಿಷಯದಲ್ಲಿ ನನಗೆ ಒಂದು ಬಗೆಯ ಗೌರವವಿದೆ. ಅಮೆರಿಕೆಯ ನ್ಯಾಷನಲ್ ಕಾರ್ಬನ್ ಕಂಪೆನಿಯವರು ಕೈದೀಪಕ್ಕಾಗಿ ಇದನ್ನು ಹೊರತಂದದ್ದು 1898ರಲ್ಲಿ. ನಮ್ಮ ಶಿವನಸಮುದ್ರದ ಯಂತ್ರಾಗಾರದಿಂದ ವಿದ್ಯುತ್ತು ಹೊರಟದ್ದು 1902ರಲ್ಲಿ. ಎಂದರೆ ಈ ಸೆಲ್ಲು ಶಿವನಸಮುದ್ರಕ್ಕಿಂತ ನಾಲ್ಕು ವರ್ಷ ಹಿರಿಯದು.

ಗೃಹಸ್ಥರು: ಶಿವನಸಮುದ್ರದ ಮಾತು ಬಂದಾಗಲೆಲ್ಲ ನಮ್ಮ ತಾತಂದಿರು ನಗುತ್ತಿದ್ದರಂತೆ.

ಉಪಾಧ್ಯಾಯರು: ನಗುವುದಕ್ಕೆ ಕಾರಣವಿತ್ತು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸೋಪಾನವನ್ನು ತೊಳೆದು ಮುಂದಕ್ಕೆ ಹರಿಯತಕ್ಕ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಇಬ್ಬರೂ ಒಂದಾಗಿ ಶಿವನಸಮುದ್ರದಲ್ಲಿ ಧುಮುಕುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರವರ ದೂರದೃಷ್ಟಿಯಿಂದ ಆ ಧುಮುಕುವಿಕೆಯು ವಿದ್ಯುತ್ತಾಗಿ, ಸುಮಾರು 147 ಕಿಲೋಮೀಟರಿನಷ್ಟು ತಂತಿಯ ಮೇಲೆ ಪಯಣಮಾಡಿ, ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ನೀರನ್ನು ಕಳುಹಿಸಿಕೊಟ್ಟ ದಡದ ಹಳ್ಳಿಗಳವರು ಮಾತ್ರ ಅನೇಕ ದಶಕಗಳ ಪರ್ಯಂತ ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಬುಡ್ಡಿಗಳಲ್ಲಿಯೇ ಕಾಲಕ್ಷೇಪ ಮಾಡಿದರು. ಅಂಥ ಮನೆಗಳೊಳಕ್ಕೆ ವಿದ್ಯುತ್ತೆಂಬುದು ಮೊತ್ತಮೊದಲು ಪ್ರವೇಶಿಸಿದ್ದು ತಂತಿಯ ಮೇಲಲ್ಲ, ಟಾರ್ಚಿನ ಹೊಟ್ಟೆಯಲ್ಲಿ. ಮುಂದೆ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಪ್ರಾರಂಭಿಸಿದಾಗ, ತಂತಿಯಿಲ್ಲದ ಊರುಗಳಲ್ಲಿ ಅದನ್ನು ಕೇಳಬೇಕೆಂದವರಿಗೆ ಬ್ಯಾಟರಿಯೇ ಗತಿಯಾಗಿತ್ತು. ಆಗಿನ ಕವಾಟದ ರೇಡಿಯೋಗಳ ಬ್ಯಾಟರಿಯೆಂದರೆ ಅಲ್ಪಸ್ವಲ್ಪದ್ದಲ್ಲ. ಅಂಥ ಅನೇಕ ಸೆಟ್ಟುಗಳಿಗೆ ತೊಂಬತ್ತು ವೋಲ್ಟಿನ ಶುಷ್ಕ ಬ್ಯಾಟರಿ ಬೇಕಾಗುತ್ತಿತ್ತು.

ಗೃಹಸ್ಥರು: ಒಂದೂವರೆಯಂತೆ ಲೆಕ್ಕ ಹಾಕಿದರೆ ಅರವತ್ತು ಸೆಲ್ಲು!

ಉಪಾಧ್ಯಾಯರು: ಅಹುದು, ಅರವತ್ತು ಚಿಕ್ಕ ಕೋಶಗಳನ್ನು ಒಂದು ಪೆಟ್ಟಿಗೆಯಲ್ಲಿ ಸಾಲುಗಟ್ಟಿ ಜೋಡಿಸಿರುತ್ತಿದ್ದರು. ಟ್ರಾನ್ಸಿಸ್ಟರು ಬಂದು ಆ ಭಾರವನ್ನು ಇಳಿಸಿದ ಮೇಲೆ ನಾಲ್ಕು ಸೆಲ್ಲಿನ ರೇಡಿಯೋ ಹೊಲದ ಬದುವಿನ ಮೇಲೆಯೂ ಹಾಡತೊಡಗಿತು. ಒಂದೇ ಹೊದಿಕೆಯೊಳಗೆ ಹಲವು ಕೋಶಗಳನ್ನು ಅಡಗಿಸುವ ಆ ಹಳೆಯ ಉಪಾಯದ ಕುರುಹನ್ನು ಈಗಲೂ ನೋಡಬೇಕೆಂದರೆ, ಹರಿಕಥೆಯ ಮೈಕಿನಲ್ಲಿಯೋ ಟೀವಿ ರಿಪೇರಿಯವರ ಮೀಟರಿನಲ್ಲಿಯೋ ಇರತಕ್ಕ ಆಯತಾಕಾರದ 9 ವೋಲ್ಟಿನ ಬ್ಯಾಟರಿಯನ್ನು ಬಿಚ್ಚಿ ನೋಡಿ. ಒಳಗೆ ಆರು ಮರಿಗಳಿರುತ್ತವೆ. ನ್ಯಾಯವಾಗಿ ಬ್ಯಾಟರಿಯೆನಿಸಿಕೊಳ್ಳತಕ್ಕದ್ದು ಅದೇ.

ವರ್ತಕರು: ಸೆಲ್ಲನ್ನು ಬಿಚ್ಚಿ ನೋಡುವುದರಲ್ಲಿ ನಮಗೆ ಬಾಲ್ಯದಿಂದಲೂ ಅಭ್ಯಾಸವಿದೆ. ಮುಗಿದ ಟಾರ್ಚ್ ಸೆಲ್ಲನ್ನು ಕಲ್ಲಿನಿಂದ ಜಜ್ಜಿ, ಇಂಗಾಲದ ಕಡ್ಡಿಯನ್ನು ಗೋಡೆಯ ಮೇಲೆ ಬರೆಯುವುದಕ್ಕೆ ಎತ್ತಿಟ್ಟುಕೊಂಡು, ಕಪ್ಪು ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಕರಿಹಲಗೆಗೆ ಬಳಿಯುತ್ತಿದ್ದೆವು. ಶನಿವಾರ ಬಳಿದರೆ ಸೋಮವಾರಕ್ಕೆ ಹಲಗೆ ಮಿರಮಿರ ಮಿಂಚುತ್ತಿತ್ತು. ನಮ್ಮ ಕೈಗಳು ಮಾತ್ರ ಬುಧವಾರದವರೆಗೂ ಕಪ್ಪಾಗಿಯೇ ಇರುತ್ತಿದ್ದುವು.

ಉಪಾಧ್ಯಾಯರು: ನೀವು ಹಲಗೆಗೆ ಬಳಿದದ್ದು ಮ್ಯಾಂಗನೀಸ್ ಡೈಆಕ್ಸೈಡು ಮತ್ತು ಇಂಗಾಲದ ಮಿಶ್ರಣ, ನಮ್ಮ ಸಂಡೂರಿನ ಗುಡ್ಡಗಳಲ್ಲಿ ಯಾವ ಮ್ಯಾಂಗನೀಸನ್ನು ಅಗೆಯುತ್ತಾರೋ ಅದೇ ಧಾತುವಿನದು. ಫ್ರಾನ್ಸಿನ ಲೆಕ್ಲಾಂಷೆ ಎಂಬಾತ 1866ರಲ್ಲಿ ಈ ಏರ್ಪಾಡನ್ನು ಕಂಡುಹಿಡಿದಾಗ ಅದು ಗಾಜಿನ ಜಾಡಿಯಲ್ಲಿ ನವಸಾಗರದ ನೀರಿನೊಳಗೆ ಮುಳುಗಿದ್ದಿತು, ಅಲುಗಿಸಿದರೆ ತುಳುಕುತ್ತಿತ್ತು. ಇಪ್ಪತ್ತು ವರ್ಷಗಳ ತರುವಾಯ ಜರ್ಮನಿಯ ಗ್ಯಾಸ್ನರ್ ಎಂಬ ವೈದ್ಯನು ಆ ದ್ರವವನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಹಿಟ್ಟಿನಲ್ಲಿ ಕಲಸಿ ಗಟ್ಟಿಮಾಡಿ, ಸತುವಿನ ಡಬ್ಬಿಯನ್ನೇ ಪಾತ್ರೆಯಾಗಿಯೂ ಋಣಧ್ರುವವಾಗಿಯೂ ಉಪಯೋಗಿಸಿದನು. ನಿಮ್ಮ ಟಾರ್ಚಿನ ಸೆಲ್ಲು ಅವನ ಸಂತಾನ. ಇದರಲ್ಲಿ ಒಂದು ವಿಲಕ್ಷಣ ಸಂಗತಿಯುಂಟು: ಸೆಲ್ಲು ಕೆಲಸಮಾಡಿದಷ್ಟೂ ಸತು ಕರಗುತ್ತದೆ, ಎಂದರೆ ಪಾತ್ರೆಯು ತನ್ನ ಗೋಡೆಯನ್ನೇ ತಾನು ತಿಂದು ಬದುಕುತ್ತದೆ. ಗೋಡೆ ತೂತಾದ ದಿವಸ ಒಳಗಿನ ರಸವು ಹೊರಕ್ಕೆ ಬಂದು, ತಂದೆಯವರ ಕಾಲದ ಹಿತ್ತಾಳೆಯನ್ನು ತಿನ್ನತೊಡಗುತ್ತದೆ.

ಗೃಹಸ್ಥರು: ಮುಗಿಯುತ್ತ ಬಂದ ಸೆಲ್ಲನ್ನು ಬಿಸಿಲಿನಲ್ಲಿಟ್ಟರೆ ಇನ್ನೆರಡು ರಾತ್ರಿ ಬರುತ್ತದೆಂದು ನಮ್ಮಲ್ಲಿ ರೂಢಿ. ಇದೂ ಮೂಢನಂಬಿಕೆಯೋ?

ಉಪಾಧ್ಯಾಯರು: ಮೂಢವೇನೂ ಅಲ್ಲ. ಶಾಖವು ಒಳಗಿನ ರಾಸಾಯನಿಕ ಕ್ರಿಯೆಯನ್ನು ಕಿಂಚಿತ್ ಚುರುಕುಮಾಡುತ್ತದೆ. ಮೇಲಾಗಿ ಬಿಸಿಲಿನಲ್ಲಿ ಬಿದ್ದಿರುವಷ್ಟು ಹೊತ್ತು ಸೆಲ್ಲಿಗೆ ವಿಶ್ರಾಂತಿಯೂ ದೊರೆತು, ಧ್ರುವಗಳ ಬಳಿ ಜಮಾಯಿಸಿದ್ದ ಕಶ್ಮಲವು ಚದುರಿ, ಒತ್ತಡವು ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಆದರೆ ಇರುವ ಸತ್ತ್ವವನ್ನು ಹಿಂಡಿಕೊಂಡದ್ದಾಯಿತೇ ಹೊರತು ಹೊಸತೇನೂ ಸೇರಲಿಲ್ಲ. ಸೋರುವ ಸಂಭವ ಮಾತ್ರ ಹೆಚ್ಚಿತು.

ವರ್ತಕರು: ನನಗೆ ಬಹುಕಾಲದ ಸಂದೇಹವೊಂದಿದೆ. ಕೆಂಪು ಎವರೆಡಿಯ 1015 ಎಂಬುದೂ ಡಬಲ್ ಎ; ಅದರ ಪಕ್ಕದಲ್ಲಿ ಎರಡರಷ್ಟೋ ಮೂರರಷ್ಟೋ ಬೆಲೆಗೆ ಅಟ್ಟೆಯ ಮೇಲೆ ಅಂಟಿಸಿ ಬರುವ ಆಲ್ಕಲೈನ್ ಎಂಬುದೂ ಡಬಲ್ ಎ. ಗಿರಾಕಿಯು ವ್ಯತ್ಯಾಸವೇನೆಂದು ಕೇಳಿದರೆ ‘ದುಬಾರಿಯದು ಒಳ್ಳೆಯದು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೇನೆ.

ಉಪಾಧ್ಯಾಯರು: ಇದೋ, ಗುಣದ ಮಾತು ಬಂದಿತು. ಸೆಲ್ಲಿನ ಮೇಲೆ ಆರ್6 ಎಂದಿದ್ದರೆ ಅದು ಸತು-ಇಂಗಾಲದ ಹಳೆಯ ಸಂತತಿ. ಎಲ್ಆರ್6 ಎಂದಿದ್ದರೆ ಕ್ಷಾರಕೋಶ. ಆರ್ ಎಂದರೆ ದುಂಡಗಿನದು, ಎಲ್ ಎಂದರೆ ಕ್ಷಾರದ್ದು. ಹೀಗೆಯೇ ತ್ರಿಬಲ್ ಎ ಸೆಲ್ಲಿಗೆ ಆರ್03, ಸಿ ಸೆಲ್ಲಿಗೆ ಆರ್14, ನಿಮ್ಮ ಟಾರ್ಚಿನದಕ್ಕೆ ಆರ್20. ‘ಹೆವಿ ಡ್ಯೂಟಿ’ ಎಂಬ ಆಡಂಬರದ ಮಾತನ್ನು ನೋಡಿ ಮೋಸಹೋಗಬೇಡಿ. ಅದು ಸಾಮಾನ್ಯವಾಗಿ ಸತು-ಇಂಗಾಲದ ವಂಶದಲ್ಲಿಯೇ, ನವಸಾಗರಕ್ಕೆ ಬದಲಾಗಿ ಸತುವಿನ ಕ್ಲೋರೈಡನ್ನು ಹಾಕಿದ ಒಂದು ಸುಧಾರಿತ ಶಾಖೆ. ಕ್ಷಾರಕೋಶದ ರಚನೆಯೇ ಬೇರೆ. ಯೂನಿಯನ್ ಕಾರ್ಬೈಡ್ ಕಂಪೆನಿಯಲ್ಲಿದ್ದ ಲೂಯಿಸ್ ಅರಿ ಎಂಬ ಕೆನಡಾದ ವಿಜ್ಞಾನಿಯು 1950ರ ದಶಕದ ಕಡೆಯ ವರ್ಷಗಳಲ್ಲಿ ಸತುವನ್ನು ತಗಡಾಗಿ ಉಪಯೋಗಿಸದೆ ಪುಡಿಮಾಡಿ ಕ್ಷಾರದ ಲೇಹದಲ್ಲಿ ಕಲಸಿ ನಡುವಿನಲ್ಲಿಟ್ಟನು. ಮ್ಯಾಂಗನೀಸು ಹೊರಸುತ್ತಿಗೆ ಹೋಯಿತು. ಹೊರಗಿನ ಡಬ್ಬಿ ಉಕ್ಕಿನದಾಯಿತು. ಪುಡಿಯಾದ ಸತುವಿಗೆ ಮೈ ಹೆಚ್ಚು. ಮೈ ಹೆಚ್ಚಾದುದರಿಂದ ಒಮ್ಮೆಗೇ ಹೆಚ್ಚಾಗಿ ಪ್ರವಾಹವನ್ನು ಕೊಡಬಲ್ಲುದು. ದ್ರವ್ಯಗಳ ಜೋಡಿ ಮಾತ್ರ ಅದೇ ಆದುದರಿಂದ ವೋಲ್ಟು ಅದೇ ಒಂದೂವರೆ.

ಗೃಹಸ್ಥರು: ಹಾಗಾದರೆ ಚೀಟಿಯಲ್ಲಿರುವುದಕ್ಕೆಲ್ಲ ಕ್ಷಾರದ್ದನ್ನೇ ಕೊಡಿ.

ವರ್ತಕರು: ಬೇಡ ಸ್ವಾಮಿ. ವ್ಯಾಪಾರ ನನ್ನದಾದರೂ ಒಂದು ಮಾತು ಹೇಳುತ್ತೇನೆ. ಗೋಡೆಯ ಗಡಿಯಾರಕ್ಕೆ ದುಬಾರಿಯದನ್ನು ಹಾಕಿದವರೂ ಅಗ್ಗದ್ದನ್ನು ಹಾಕಿದವರೂ ನನ್ನ ಬಳಿಗೆ ಬರುತ್ತಾರೆ. ಅಗ್ಗದ್ದೇ ಒಂದು ವರ್ಷಕ್ಕೆ ಸಮೀಪ ಓಡಿಸಿತೆಂದು ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಉಪಾಧ್ಯಾಯರು: ಅನುಭವವು ಶಾಸ್ತ್ರಕ್ಕೆ ಸಮ್ಮತವಾಗಿಯೇ ಇದೆ. ಗಡಿಯಾರದ ಹಸಿವು ಒಂದು ಮಿಲಿಆಂಪಿಯರಿನ ಹತ್ತರಲ್ಲೊಂದೆರಡು ಪಾಲು. ಇಷ್ಟು ಮಂದವಾಗಿ ಬೇಡುವ ಯಂತ್ರಕ್ಕೆ ಸತು-ಇಂಗಾಲದ್ದು ಸಾಕು, ರಿಮೋಟಿಗೂ ಹಾಗೆಯೇ. ರಕ್ತದೊತ್ತಡದ ಯಂತ್ರ ಹಾಗಲ್ಲ. ಅದರೊಳಗಿನ ಪುಟ್ಟ ಮೋಟಾರು ತೋಳಪಟ್ಟಿಗೆ ಗಾಳಿಯೂದುವಾಗ ಒಂದೇ ಉಸಿರಿಗೆ ಬಹಳ ಪ್ರವಾಹವನ್ನು ಎಳೆಯುತ್ತದೆ. ಅಗ್ಗದ ಸೆಲ್ಲು ಆಗ ಬಳಲಿ, ಪಟ್ಟಿಯು ಅರ್ಧ ಉಬ್ಬುವಷ್ಟರಲ್ಲಿ ಯಂತ್ರವು ದೋಷವೆಂದು ತೋರಿಸಿ ನಿಲ್ಲುತ್ತದೆ. ಅಲ್ಲಿಗೆ ಕ್ಷಾರದ್ದನ್ನೇ ಹಾಕಬೇಕು, ಅಥವಾ ಚಾರ್ಜು ಮಾಡತಕ್ಕ ನಿಕ್ಕಲ್-ಮೆಟಲ್ ಹೈಡ್ರೈಡನ್ನು ಹಾಕಬಹುದು.

ಗೃಹಸ್ಥರು: ಅದರ ಮೇಲೆ 1.2 ವೋಲ್ಟ್ ಎಂದಿರುತ್ತದೆ. ಒಂದೂವರೆ ಬೇಡುವ ಕಡೆ ಅದು ಹೇಗೆ ಸಾಲುತ್ತದೆ?

ಉಪಾಧ್ಯಾಯರು: ದ್ರವ್ಯಗಳ ಜೋಡಿ ಬೇರೆಯಾದುದರಿಂದ ವೋಲ್ಟು ಬೇರೆ. ಆದರೂ ಸಾಲುವುದಕ್ಕೆ ಕಾರಣವೇನೆಂದರೆ, ಕ್ಷಾರಕೋಶದ ಒಂದೂವರೆಯೆಂಬುದು ಹೊಸತನದ ಮಾತು. ಕೆಲಸಮಾಡುತ್ತ ಮಾಡುತ್ತ ಅದು 1.3, 1.2, 1.1 ಎಂದು ಇಳಿಯುತ್ತಲೇ ಇರುತ್ತದೆ. ನಿಕ್ಕಲಿನದು 1.2ರಲ್ಲಿಯೇ ಬಹುತೇಕ ಕಡೆಯವರೆಗೂ ಅಚಲವಾಗಿದ್ದು, ಆಮೇಲೆ ಫಕ್ಕನೆ ಕುಸಿಯುತ್ತದೆ. ದಿನವಹಿ ದುಡಿಯತಕ್ಕ ಯಂತ್ರಕ್ಕೆ ಅದು ಮಿತವ್ಯಯದ್ದು. ವರ್ಷಕ್ಕೊಮ್ಮೆ ನೋಡತಕ್ಕ ಗಡಿಯಾರಕ್ಕೆ ಅದನ್ನು ಹಾಕುವುದರಲ್ಲಿ ಅರ್ಥವಿಲ್ಲ.

ವರ್ತಕರು: ಕ್ಷಾರದ ಸೆಲ್ಲು ಮುಗಿದಿದೆಯೋ ಇಲ್ಲವೋ ಎಂಬುದನ್ನು ಹುಡುಗರು ನೆಲಕ್ಕೆ ಕುಕ್ಕಿ ನೋಡುತ್ತಾರೆ. ಪುಟಿದರೆ ಮುಗಿದದ್ದು, ಪುಟಿಯದೆ ನಿಂತರೆ ಹೊಸದು.

ಉಪಾಧ್ಯಾಯರು: ಅರ್ಧ ಸತ್ಯ. ಒಳಗಿನ ಸತುವಿನ ಲೇಹವು ಉಪಯೋಗವಾದಂತೆಲ್ಲ ಗಟ್ಟಿಯಾಗಿ ಸೆಲ್ಲು ಪುಟಿಯುವುದೇನೋ ನಿಜ. ಆದರೆ ಸತ್ತ್ವವು ಅರ್ಧ ಉಳಿದಿರುವಾಗಲೇ ಅದು ಪೂರ್ತಿಯಾಗಿ ಪುಟಿಯಲಾರಂಭಿಸುತ್ತದೆಂದು ಅಮೆರಿಕೆಯ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದವರು 2015ರಲ್ಲಿ ತೋರಿಸಿದರು. ಪುಟಿದದ್ದನ್ನೆಲ್ಲ ಎಸೆದರೆ ನಿಮಗೆ ಲಾಭ, ಹುಡುಗರಿಗೆ ನಷ್ಟ.

ಗೃಹಸ್ಥರು: ರಿಮೋಟಿನೊಳಗೆ ಉಪ್ಪಿನಂಥ ಬಿಳಿಯ ಹುಡಿ ಕಟ್ಟಿಕೊಂಡಿದೆಯಲ್ಲ, ಅದೇನು?

ಉಪಾಧ್ಯಾಯರು: ಕ್ಷಾರವು ಸೋರಿ ಗಾಳಿಯೊಡನೆ ಬೆರೆತು ಘನೀಭವಿಸಿದ್ದು. ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಯನ್ನು ಕಡ್ಡಿಗೆ ಸುತ್ತಿ, ನಿಂಬೆಯ ರಸದಲ್ಲಿ ಅದ್ದಿ, ಸ್ಪ್ರಿಂಗಿನ ಮೇಲೆ ಮೆಲ್ಲನೆ ಒರಸಿ, ಚೆನ್ನಾಗಿ ಒಣಗಿಸಿ. ಆಮ್ಲವು ಕ್ಷಾರವನ್ನು ಕಳೆಯುತ್ತದೆ.

ವರ್ತಕರು: ಇನ್ನು ಅಡುಗೆಮನೆಯ ತಕ್ಕಡಿಯ ಬಿಲ್ಲೆ. ಸಿಆರ್2032 ತಾನೆ?

ಉಪಾಧ್ಯಾಯರು: ಆ ಹೆಸರಿನಲ್ಲಿಯೇ ಜಾತಕವೆಲ್ಲ ಅಡಗಿದೆ. ಮೊದಲಿನ ಸಿ ಲಿಥಿಯಂ-ಮ್ಯಾಂಗನೀಸಿನ ಗುರುತು, ಆರ್ ದುಂಡಗಿನದು, 20 ಎಂದರೆ ಇಪ್ಪತ್ತು ಮಿಲಿಮೀಟರು ಅಡ್ಡ, 32 ಎಂದರೆ 3.2 ಮಿಲಿಮೀಟರು ದಪ್ಪ. 2025 ಎಂಬುದು ಅದೇ ಅಗಲದ, ಎರಡೂವರೆ ಮಿಲಿಮೀಟರಿನ ತೆಳ್ಳನೆಯದು. ಸತುವಿಗೆ ಬದಲು ಲಿಥಿಯಂ ಬಂದುದರಿಂದ ಈ ಬಿಲ್ಲೆಯೊಂದರ ಒತ್ತಡವೇ ಮೂರು ವೋಲ್ಟು. ಎರಡು ಟಾರ್ಚ್ ಸೆಲ್ಲುಗಳಿಗೆ ಸಮ. ಇಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೆ?

ಗೃಹಸ್ಥರು: ಮೊಮ್ಮಗಳಿದ್ದಾಳೆ. ಎರಡು ವರ್ಷ.

ಉಪಾಧ್ಯಾಯರು: ಹಾಗಾದರೆ ಕೇಳಿ. ಈ ಬಿಲ್ಲೆಯನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದ ಮೂಲಕವೇ ವಿದ್ಯುತ್ತು ಹರಿದು ತೀವ್ರವಾದ ಕ್ಷಾರವು ಹುಟ್ಟಿ, ಎರಡು ಗಂಟೆಗಳೊಳಗಾಗಿ ನಾಳದ ಗೋಡೆಯನ್ನು ಸುಡತೊಡಗುತ್ತದೆ. ಸೋರಬೇಕೆಂದಿಲ್ಲ, ಒಡೆಯಬೇಕೆಂದಿಲ್ಲ, ಯಂತ್ರವನ್ನು ನಡೆಸಲಾರದಷ್ಟು ಹಳೆಯದಾದ ಬಿಲ್ಲೆಯೂ ಇದನ್ನು ಮಾಡಬಲ್ಲುದು. ನಾಣ್ಯ ನುಂಗಿದಂತೆ ನಾಳೆ ಹೊರಬರುತ್ತದೆಂದು ಕಾಯಕೂಡದು; ವಾಂತಿ ಮಾಡಿಸಲೂ ಹೋಗಕೂಡದು; ಆ ಗಳಿಗೆಯಲ್ಲಿಯೇ ಕ್ಷಕಿರಣದ ಸೌಕರ್ಯವುಳ್ಳ ಆಸ್ಪತ್ರೆಗೆ ಒಯ್ಯಬೇಕು. ತಕ್ಕಡಿಯ ಮುಚ್ಚಳದ ತಿರುಪನ್ನು ಬಿಗಿಯಾಗಿ ಹಾಕಿ. ತೆಗೆದ ಬಿಲ್ಲೆಯ ಎರಡು ಮುಖಕ್ಕೂ ಅಂಟುಪಟ್ಟಿಯನ್ನು ಸುತ್ತಿ ಎತ್ತರದಲ್ಲಿಡಿ.

ಗೃಹಸ್ಥರು: ತಾಯಿಯವರ ಕಿವಿಯದೂ ಬಿಲ್ಲೆಯೇ.

ಉಪಾಧ್ಯಾಯರು: ನೋಡುವುದಕ್ಕೆ ಬಿಲ್ಲೆ, ಸ್ವಭಾವದಲ್ಲಿ ಎಲ್ಲಕ್ಕಿಂತ ವಿಚಿತ್ರ. ಅದರಲ್ಲಿ ಸತು ಮಾತ್ರ ಇರುತ್ತದೆ. ಎದುರಾಳಿಯು ಹೊರಗಿನ ಗಾಳಿ. ಬೆನ್ನಿನ ಮೇಲೆ ಕಂದು ಬಣ್ಣದ ಚೀಟಿ ಅಂಟಿಸಿದ್ದರೆ 312 ಎಂಬ ಅಳತೆ, ಕಿತ್ತಳೆಯಾದರೆ 13, ಹಳದಿಯಾದರೆ 10, ನೀಲಿಯಾದರೆ 675. ಚೀಟಿಯನ್ನು ಕಿತ್ತೊಡನೆ ಸಣ್ಣ ರಂಧ್ರಗಳ ಮೂಲಕ ಪ್ರಾಣವಾಯುವು ಒಳಹೊಕ್ಕು ಸೆಲ್ಲು ಎಚ್ಚರಗೊಳ್ಳುತ್ತದೆ. ಕಿತ್ತ ಮೇಲೆ ಕೆಲವು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಯಂತ್ರಕ್ಕೆ ಹಾಕಿದರೆ ಒಳ್ಳೆಯದು. ಒಮ್ಮೆ ಎಚ್ಚರಗೊಂಡದ್ದು ಉಪಯೋಗಿಸಿದರೂ ಉಪಯೋಗಿಸದಿದ್ದರೂ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದುದರಿಂದ ಅವಸರಕ್ಕಿರಲೆಂದು ಆರರ ಚೀಟಿಯನ್ನೂ ಒಟ್ಟಿಗೆ ಕೀಳಬೇಡಿ.

ವರ್ತಕರು: ಅದು ನನ್ನಲ್ಲಿಲ್ಲ, ನಂಜನಗೂಡಿನಲ್ಲಿಯೋ ಮೈಸೂರಿನಲ್ಲಿಯೋ ವಿಚಾರಿಸಬೇಕು. ಅದಿರಲಿ ಮೇಷ್ಟರೇ, ಲಿಥಿಯಂ ಲಿಥಿಯಂ ಎಂದು ಈಗ ಎಲ್ಲರ ಬಾಯಲ್ಲೂ ಕೇಳುತ್ತೇವೆ. ಶ್ರೀರಂಗಪಟ್ಟಣದ ಕಡೆ ಭೂಮಿಯೊಳಗೇ ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದಿತ್ತಲ್ಲ?

ಉಪಾಧ್ಯಾಯರು: ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣಗಳ ಪ್ರದೇಶದ ಪೆಗ್ಮಟೈಟ್ ಶಿಲೆಯಲ್ಲಿ. ಪರಮಾಣು ಇಂಧನ ಇಲಾಖೆಯ ಅಂಗವಾದ ಖನಿಜ ಶೋಧನ ನಿರ್ದೇಶನಾಲಯದವರು ಅಲ್ಲಿ 1,600 ಟನ್ನಿನಷ್ಟು ಲಿಥಿಯಂ ಇರಬಹುದೆಂದು ಅಂದಾಜು ಮಾಡಿದ್ದು 2021ರಲ್ಲಿ ಪ್ರಕಟವಾಯಿತು. ಅಂದಾಜೆಂಬ ಮಾತನ್ನು ಮರೆಯದಿರಿ. ಆ ಮೊತ್ತವೂ ಲೋಕದ ಬೇಡಿಕೆಯ ಮುಂದೆ ಅತ್ಯಲ್ಪ. ನಿಮ್ಮ ಹುಡುಗರ ಮೊಬೈಲಿನಲ್ಲಿಯೂ ಚಾರ್ಜಿನ ಟಾರ್ಚಿನಲ್ಲಿಯೂ ಇರತಕ್ಕದ್ದು ಲಿಥಿಯಂ-ಅಯಾನಿನ ಕೋಶ. 1991ರಲ್ಲಿ ಸೋನಿಯವರು ಮಾರುಕಟ್ಟೆಗೆ ತಂದದ್ದು. ಅದರ ಹಿಂದಿದ್ದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಸಂದಿತು. ಟಾರ್ಚಿನೊಳಗಿನ ದುಂಡು ಕೋಶದ ಮೇಲೆ 18650 ಎಂದಿದ್ದರೆ 18 ಮಿಲಿಮೀಟರು ಅಡ್ಡ, 65 ಉದ್ದ. ಒಂದರ ಒತ್ತಡವೇ ಮೂರೂವರೆ ವೋಲ್ಟಿಗೆ ಮೇಲ್ಪಟ್ಟದ್ದು. ಆದುದರಿಂದ ಒಂದೂವರೆಯದರ ಸ್ಥಾನದಲ್ಲಿ ಅದನ್ನು ತುರುಕುವ ಸಾಹಸವನ್ನು ಯಾರೂ ಮಾಡಬಾರದು.

ಗೃಹಸ್ಥರು: ಮುಗಿದ ಸೆಲ್ಲುಗಳನ್ನು ತಿಪ್ಪೆಗೆ ಎಸೆಯುತ್ತಿದ್ದೇವೆ. ತಿಪ್ಪೆಯಿಂದ ಅವು ಗೊಬ್ಬರದೊಡನೆ ಗದ್ದೆಗೇ ಬರುತ್ತವೆ.

ಉಪಾಧ್ಯಾಯರು: ಬರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸಣ್ಣ ಸೆಲ್ಲುಗಳನ್ನೂ ಸೇರಿಸಿ ಎಲ್ಲ ಬಗೆಯ ಬ್ಯಾಟರಿಗಳನ್ನೂ ಮರಳಿ ಸಂಗ್ರಹಿಸತಕ್ಕ ಹೊಣೆಯು ತಯಾರಕರದು. ಅದಕ್ಕೆ ಮೊದಲಿನ 2001ರ ನಿಯಮಗಳು ಕಾರು, ಇನ್ವರ್ಟರುಗಳ ಸೀಸದ ಬ್ಯಾಟರಿಯನ್ನು ಮಾತ್ರ ಲಕ್ಷಿಸಿದ್ದುವು. ಕಾಗದದ ಮೇಲಿನ ಹೊಣೆ ಕಳಲೆಯವರೆಗೆ ನಡೆದು ಬರುವುದು ಯಾವಾಗಲೋ. ಅಲ್ಲಿಯ ತನಕ ವರ್ತಕರು ಒಂದು ಡಬ್ಬಿಯನ್ನಿಟ್ಟು ಕೂಡಿಹಾಕಿದರೆ, ಮೈಸೂರಿಗೆ ಹೋಗುವವರ ಕೈಯಲ್ಲಿ ಕಳುಹಿಸಬಹುದು.

ವರ್ತಕರು: ಡಬ್ಬಿಗೇನು, ಬಿಸ್ಕತ್ತಿನದು ಇದೆ. ಈಗ ಲೆಕ್ಕ ಹೇಳುತ್ತೇನೆ: ಟಾರ್ಚಿಗೆ ದಪ್ಪನೆಯದು ಮೂರು, ರಿಮೋಟಿಗೆ ತ್ರಿಬಲ್ ಎ ಎರಡು, ರಕ್ತದೊತ್ತಡದ ಯಂತ್ರಕ್ಕೆ ಕ್ಷಾರದ ಡಬಲ್ ಎ ನಾಲ್ಕು, ತಕ್ಕಡಿಗೆ ಬಿಲ್ಲೆ ಒಂದು, ಗಡಿಯಾರಕ್ಕೆ ಕೆಂಪು 1015 ಒಂದು.

ಉಪಾಧ್ಯಾಯರು: ಗಡಿಯಾರಕ್ಕೆ ಬೇಡ. ರಕ್ತದೊತ್ತಡದ ಯಂತ್ರವು ಸಾಲದೆಂದು ತಳ್ಳಿಬಿಡುವ ಸೆಲ್ಲಿನಲ್ಲಿ ಗಡಿಯಾರಕ್ಕೆ ಹಲವು ತಿಂಗಳಿಗಾಗುವಷ್ಟು ಸತ್ತ್ವವು ಉಳಿದಿರುತ್ತದೆ. ಮೋಟಾರಿನ ಹಸಿವಿಗೆ ಸಾಲದ್ದು ಮುಳ್ಳಿನ ಹಸಿವಿಗೆ ಧಾರಾಳವಾಯಿತು. ಮನೆಯಲ್ಲಿ ಈಗ ತೆಗೆದಿಟ್ಟಿರುವ ನಾಲ್ಕನ್ನೇ ಒಂದಾದ ಮೇಲೊಂದರಂತೆ ಹಾಕುತ್ತ ಬನ್ನಿ. ಸೋರಿದೆಯೋ ಎಂಬುದನ್ನು ಮಾತ್ರ ಆಗಾಗ್ಗೆ ನೋಡುತ್ತಿರಬೇಕು.

ಗೃಹಸ್ಥರು: ಹಾಗಾದರೆ ವರ್ತಕರೇ, ಗಡಿಯಾರದ ಸಾಲನ್ನು ಚೀಟಿಯಿಂದ ಹೊಡೆದುಹಾಕಿಬಿಡಿ.

ವರ್ತಕರು: ಹೊಡೆದುಹಾಕಿದೆ. ಮೇಷ್ಟರು ಇನ್ನೊಂದು ಗಳಿಗೆ ಜಗಲಿಯ ಮೇಲೆ ಕುಳಿತರೆ ಬೇರೆ ಸಾಲುಗಳೂ ಹೋದಾವು. ರಿಮೋಟು ತೊಳೆಯುವುದಕ್ಕೆ ನಿಂಬೆಹಣ್ಣು ಬೇಕೆಂದರಲ್ಲ, ಅದನ್ನಾದರೂ ಇಲ್ಲಿಯೇ ಕೊಳ್ಳಿ.